ಹೈಡ್ರೋಜನ್ ಬರಬೇಕಾದಲ್ಲಿ ಅಮೋನಿಯಾ ಬಂದಾಗ: ಅಮೈಡ್-ಹೈಡ್ರೈಡ್ ಪುಡಿಯ ದೋಷ ನಿವಾರಣೆ ಕೈಪಿಡಿ

ಮೈಸೂರಿನಲ್ಲಿ ದಸರಾ ರಜೆ ಮುಗಿದ ವಾರ. ಸಂಜೆ ಒಂದು ಫೋನ್ ಬಂತು. "ಮೇಡಂ, ಎಂಟೂವರೆ ಪರ್ಸೆಂಟ್ ಬಂದಿದೆ!" ಹುಡುಗನ ದನಿಯಲ್ಲಿ ಖುಷಿಯೋ ಖುಷಿ. ಹೈಡ್ರೋಜನ್ ಹೀರಿ ಇಟ್ಟುಕೊಂಡು, ಕಾಯಿಸಿದಾಗ ವಾಪಸ್ ಕೊಡುವ ಪುಡಿಯ ಪ್ರಾಜೆಕ್ಟ್ ಅವನದು. ಲಿಥಿಯಂ ಅಮೈಡ್ ಮತ್ತು ಲಿಥಿಯಂ ಹೈಡ್ರೈಡನ್ನು ಒಂದಕ್ಕೊಂದು ಮೋಲ್ ಲೆಕ್ಕದಲ್ಲಿ ಬೆರೆಸಿ, 300 ಡಿಗ್ರಿವರೆಗೆ ಕಾಯಿಸಿ, ತೂಕ ಎಷ್ಟು ಇಳಿಯಿತು ಎಂದು ನೋಡಿದ್ದ. ಆ ಮಿಶ್ರಣ ಕೊಡಬಹುದಾದ ಹೈಡ್ರೋಜನ್ ತೂಕದ 6.5% ಮಾತ್ರ. ಹಾಗಾದರೆ ಉಳಿದ ಎರಡು ಪರ್ಸೆಂಟ್ ಎಲ್ಲಿಂದ ಬಂತು?

"ಘಾಟು ಏನಾದರೂ ಬರ್ತಿದೆಯೇನಪ್ಪಾ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹೌದು ಮೇಡಂ. ಕಣ್ಣು ಸ್ವಲ್ಪ ಉರೀತಿದೆ."

ಈ ಕೈಪಿಡಿ ಹುಟ್ಟಿದ್ದು ಅಂಥ ಫೋನುಗಳಿಂದ. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳು ಕಣ್ಣಿಗೆ, ಮೂಗಿಗೆ, ಗೇಜಿಗೆ ಕಂಡದ್ದನ್ನು ಹೇಳುತ್ತಾರೆ. ಕಾರಣ ಅಲ್ಲಿಂದ ಹಿಂದಕ್ಕೆ ಹುಡುಕಬೇಕು. ಹಾಗಾಗಿ ಲಕ್ಷಣ ಹಿಡಿದೇ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಯಂತ್ರ ಬೇಕಾದದ್ದು ಕೊನೆಗೆ.

ಪುಡಿಯೊಳಗೆ ನಡೆಯುವುದೇನು

ಲಿಥಿಯಂ ನೈಟ್ರೈಡ್ ಹೈಡ್ರೋಜನ್ ಹೀರುತ್ತದೆ, ಹೀರಿ ಈ ಅಮೈಡ್-ಹೈಡ್ರೈಡ್ ಮಿಶ್ರಣವಾಗುತ್ತದೆ. ಹೀರುತ್ತದೆ ಎಂಬುದು 1910ರಲ್ಲೇ ಗೊತ್ತಿತ್ತು. 2002ರಲ್ಲಿ ಸಿಂಗಪುರದಲ್ಲಿ ಪಿಂಗ್ ಚೆನ್ ಮತ್ತು ಜೊತೆಯವರು ಅದು ಹೀರಿದ್ದನ್ನು ವಾಪಸ್ ಕೊಡುತ್ತದೆ, ಮತ್ತೆ ಹೀರುತ್ತದೆ ಎಂದು ತೋರಿಸಿದ ಮೇಲೆ ಎಲ್ಲರ ಗಮನ ಇತ್ತ ತಿರುಗಿತು.

ಲಿಥಿಯಂ ಅಮೈಡ್ ಕಾದಾಗ ಹೈಡ್ರೋಜನ್ ಬಿಡುವುದಿಲ್ಲ, ಅಮೋನಿಯಾ ಬಿಡುತ್ತದೆ. ಪಕ್ಕದಲ್ಲಿರುವ ಲಿಥಿಯಂ ಹೈಡ್ರೈಡ್ ಕಣ ಆ ಅಮೋನಿಯಾವನ್ನು ತಕ್ಷಣ ಹಿಡಿದು ಹೈಡ್ರೋಜನ್ ಬಿಡುತ್ತದೆ, ತಾನು ಅಮೈಡ್ ಆಗುತ್ತದೆ. ಈ ಎರಡನೇ ಹೆಜ್ಜೆ ತುಂಬಾ ಚುರುಕು. ಎರಡೂ ಕಣ ಅಂಟಿಕೊಂಡಂತೆ ಇದ್ದರೆ ಹೊರಗೆ ಬರುವುದು ಹೈಡ್ರೋಜನ್. ನಡುವೆ ಜಾಗ ಇದ್ದರೆ, ಅಥವಾ ಹೈಡ್ರೈಡ್ ಕಣದ ಮೈಮೇಲೆ ಪೊರೆ ಕಟ್ಟಿದ್ದರೆ, ಅಮೋನಿಯಾ ತಪ್ಪಿಸಿಕೊಂಡು ಹೋಗುತ್ತದೆ. ಮುಂದೆ ಬರುವ ದೋಷಗಳಲ್ಲಿ ಮುಕ್ಕಾಲು ಪಾಲು ಇದೇ ಕಥೆ.

ಈಚೆಗೆ ಜಾಸ್ತಿ ಜನ ಬಳಸುವುದು ಮೆಗ್ನೀಸಿಯಂ ಅಮೈಡ್ ಒಂದು ಪಾಲು, ಲಿಥಿಯಂ ಹೈಡ್ರೈಡ್ ಎರಡು ಪಾಲಿನ ಮಿಶ್ರಣ. ಅದರ ಮಿತಿ 5.6%. ಲೆಕ್ಕದ ಪ್ರಕಾರ 1 ಬಾರ್ ಒತ್ತಡಕ್ಕೆ ಸುಮಾರು 90 ಡಿಗ್ರಿ ಸಾಕು. ಆದರೆ ಕ್ರಿಯೆ ನಿಧಾನ, ಕೆಲಸಕ್ಕೆ ಬರುವ ವೇಗ ಬೇಕೆಂದರೆ 200 ಡಿಗ್ರಿ ಹತ್ತಿರ ಹೋಗಬೇಕು.

ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣದ ಕಲ್ಲಿನಲ್ಲಿ ಲಿಥಿಯಂ ಇದೆ ಎಂದು ಪರಮಾಣು ಖನಿಜ ನಿರ್ದೇಶನಾಲಯ ಹೇಳಿದಾಗಿನಿಂದ "ನಮ್ಮೂರ ಲಿಥಿಯಂನಲ್ಲೇ ಮಾಡಬಹುದಾ ಮೇಡಂ?" ಎಂದು ಕೇಳುವವರಿದ್ದಾರೆ. ಆ ಅಂದಾಜು 1,600 ಟನ್. ಸದ್ಯಕ್ಕೆ ಬಾಟಲಿಯಲ್ಲಿ ಬಂದದ್ದನ್ನು ಒದ್ದೆಯಾಗದಂತೆ ಇಟ್ಟುಕೊಳ್ಳೋಣ.

ಕೈ ಹಾಕುವ ಮೊದಲು

ಇವು ನೀರನ್ನು ಕಂಡರೆ ಆಗದ ಪುಡಿಗಳು. ಹೈಡ್ರೈಡಿಗೆ ನೀರು ತಗುಲಿದರೆ ಹೈಡ್ರೋಜನ್ ಮತ್ತು ಶಾಖ, ಅಮೈಡಿಗೆ ತಗುಲಿದರೆ ಅಮೋನಿಯಾ. ನುಣ್ಣಗೆ ಅರೆದದ್ದು ಗಾಳಿಯಲ್ಲೇ ಹೊತ್ತಿಕೊಳ್ಳಬಹುದು. ಬೆಂಕಿ ಬಿದ್ದರೆ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಬೇಡ, ಗೋಡೆಗೆ ತಗುಲಿಹಾಕಿರುವ ಮಾಮೂಲಿ ಎಬಿಸಿ ಪುಡಿಯೂ ಬೇಡ. ಲೋಹದ ಬೆಂಕಿಗೆಂದೇ ಇರುವ ಗ್ರಾಫೈಟಿನ ಡಿ ದರ್ಜೆಯ ಒಣ ಪುಡಿ ಬೇಕು. ಅದು ಕೈಗೆ ಸಿಗುವಂತಿಲ್ಲದಿದ್ದರೆ ಆ ದಿನ ಕೆಲಸ ಶುರು ಮಾಡಬೇಡಿ.

ಚರ್ಮಕ್ಕೆ ಪುಡಿ ಬಿದ್ದರೆ ಮೊದಲು ಒಣಗಿದ್ದಂತೆಯೇ ಒರೆಸಿ ತೆಗೆಯಿರಿ, ಆಮೇಲೆ ಧಾರಾಳವಾಗಿ ನೀರು. ಕಣ್ಣಿಗೆ ಬಿದ್ದರೆ ಕಾಯುವುದೇ ಬೇಡ, ಕೂಡಲೇ ನೀರು, ಕನಿಷ್ಠ 15 ನಿಮಿಷ. ಹಾಗೆಯೇ ಆಸ್ಪತ್ರೆಗೆ. ಆಂಬುಲೆನ್ಸ್ 108, ಅಗ್ನಿಶಾಮಕ 101, ಎರಡೂ ನೆನಪಾಗದಿದ್ದರೆ 112.

ರಾತ್ರಿ ಒಬ್ಬರೇ ಕೂತು ಈ ಕೆಲಸ ಮಾಡಬೇಡಿ. ಥೀಸಿಸ್ ಗಡುವು ಇದ್ದರೂ ಅಷ್ಟೇ.

"ಘಾಟು ಬರ್ತಿದೆ"

ಮೊದಲ ಪ್ರಶ್ನೆ: ಪುಡಿ ತಣ್ಣಗಿದ್ದಾಗ ಬಂತೋ, ಕಾದಾಗ ಬಂತೋ?

ತಣ್ಣಗಿದ್ದಾಗಲೇ ಬಂದರೆ ಪುಡಿಗೆ ತೇವ ತಗುಲಿದೆ ಎಂದು ತಿಳಿಯಿರಿ. ಡಬ್ಬಿಯ ಮುಚ್ಚಳ, ಓ-ರಿಂಗ್ (ಮುಚ್ಚಳದ ರಬ್ಬರ್ ಬಳೆ), ಮುಚ್ಚಳದ ತಿರುಪಿನ ಸಾಲಿನಲ್ಲಿ ಸಿಕ್ಕಿಕೊಂಡ ಪುಡಿ ನೋಡಿ. ಒಂದು ಕಣ ಪುಡಿ ಕೂತರೂ ಓ-ರಿಂಗ್ ಸರಿಯಾಗಿ ಒತ್ತುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಥ ದೂರು ಜಾಸ್ತಿ, ಕಾರಣ ನಿಮಗೇ ಗೊತ್ತು.

ಕಾದಾಗ ಮಾತ್ರ, ಹೊರಹೋಗುವ ಕೊಳವೆಯ ತುದಿಯಲ್ಲಿ ಬಂದರೆ ಅದು ಒಳಗಿನ ಅಮೋನಿಯಾ. ಆದರೆ ಮೂಗನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಸ್ವಲ್ಪ ಹೊತ್ತಿಗೆ ಮೂಗು ಆ ಘಾಟಿಗೆ ಒಗ್ಗಿಹೋಗುತ್ತದೆ, ಕಡಿಮೆಯಾಯಿತು ಅನ್ನಿಸುತ್ತದೆ. 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 300 ಪಾಲು) ತಲುಪಿದರೆ ಜೀವಕ್ಕೇ ಅಪಾಯ.

ಅದರ ಬದಲು ಅರಿಶಿನ ಬಳಸಿ. ತಮಾಷೆಯಲ್ಲ. ಅಡುಗೆ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ, ತಿಳಿಯಲ್ಲಿ ಫಿಲ್ಟರ್ ಕಾಗದ ಅದ್ದಿ, ಪೂರ್ತಿ ಒಣಗಿಸಿಟ್ಟುಕೊಳ್ಳಿ. ಬೇಕಾದಾಗ ಒಂದು ಹನಿ ನೀರು ಹಾಕಿ, ಫ್ಯೂಮ್ ಹುಡ್ (ಹೊಗೆ, ಘಾಟನ್ನು ಹೊರಗೆ ಎಳೆಯುವ ಗೂಡು) ಒಳಗೆ, ಕೊಳವೆಯ ಹೊರತುದಿಗೆ ಇಕ್ಕಳದಲ್ಲಿ ಹಿಡಿಯಿರಿ. ಒದ್ದೆ ಕಾಗದ ಹೊರತುದಿಯಲ್ಲಿ ಮಾತ್ರ, ಪುಡಿಯ ಹತ್ತಿರಕ್ಕೆ ಬರಕೂಡದು. ಅಮೋನಿಯಾ ಇದ್ದರೆ ಹಳದಿ ಕೆಂಪಾಗುತ್ತದೆ. ಸುಣ್ಣ ಸೇರಿಸಿದಾಗ ಅರಿಶಿನ ಕುಂಕುಮವಾಗುವುದೂ ಇದೇ ಗುಣದಿಂದ.

ಈಗ ಆ ಕೆಂಪು ಕಾಗದವನ್ನು ಹುಡ್ ಒಳಗೇ ಪಕ್ಕಕ್ಕೆ ಸರಿಸಿ, ಗಾಳಿಯಾಡಲು ಬಿಡಿ. ನಿಧಾನವಾಗಿ ಹಳದಿಗೆ ತಿರುಗಿದರೆ ಬಂದದ್ದು ಅಮೋನಿಯಾ, ಆರಿಹೋಯಿತು. ಕೆಂಪು ಹಾಗೇ ಉಳಿದರೆ ಬಂದದ್ದು ಬರೀ ಗ್ಯಾಸ್ ಅಲ್ಲ, ನಿಮ್ಮ ಪುಡಿಯೇ ಹಾರಿ ಬಂದಿದೆ. ಆಗ ಸಂಶಯಪಡಬೇಕಾದದ್ದು ಫಿಲ್ಟರನ್ನು. ಎರಡು ರೂಪಾಯಿಯ ಪರೀಕ್ಷೆ, ಎರಡು ಬೇರೆ ಬೇರೆ ದೋಷ ಬಿಡಿಸಿ ಹೇಳುತ್ತದೆ.

ಕಾಗದ ಹಳದಿಯಾಗಿಯೇ ಇದ್ದರೆ ಗ್ಯಾಸ್ ಶುದ್ಧ ಎಂದು ತೀರ್ಮಾನಿಸಬೇಡಿ. ಇಂಧನ ಕೋಶದ (ಹೈಡ್ರೋಜನ್ ಬಳಸಿ ವಿದ್ಯುತ್ ಮಾಡುವ ಸಾಧನ) ವಾಹನಗಳ ಹೈಡ್ರೋಜನ್‌ನಲ್ಲಿ ಅಮೋನಿಯಾ 0.1 ಪಿಪಿಎಂ ದಾಟಬಾರದು ಎಂಬುದು ಐಎಸ್‌ಒ 14687 ಎಂಬ ಅಂತರರಾಷ್ಟ್ರೀಯ ಮಾನದಂಡದ ನಿಯಮ. ಅಷ್ಟು ಸೂಕ್ಷ್ಮ ಅರಿಶಿನಕ್ಕೆ ಗೊತ್ತಾಗದು.

"ತೂಕ ಲೆಕ್ಕಕ್ಕಿಂತ ಜಾಸ್ತಿ ಇಳಿದಿದೆ"

ಎಂಟೂವರೆ ಪರ್ಸೆಂಟ್‌ನ ಹುಡುಗನ ಕಥೆ ಇದು. ಹೈಡ್ರೋಜನ್ ಅಣುವಿನ ತೂಕ 2, ಅಮೋನಿಯಾದ್ದು 17. ಸ್ವಲ್ಪವೇ ಅಮೋನಿಯಾ ತಪ್ಪಿಸಿಕೊಂಡರೂ ತಕ್ಕಡಿ ಬಡಕ್ಕೆಂದು ಏಳುತ್ತದೆ. ಅಮೈಡ್ ಒಂದನ್ನೇ ಕಾಯಿಸಿದರೆ 37% ತೂಕ ಹೋಗುತ್ತದೆ, ಅದರಲ್ಲಿ ಹೈಡ್ರೋಜನ್ ಅನ್ನುವುದೇ ಇಲ್ಲ. ತೂಕ ಇಳಿದದ್ದು ಜಾಸ್ತಿಯಾದಷ್ಟೂ ಫಲಿತಾಂಶ ಚೆನ್ನಾಗಿದೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರಿಶೀಲಿಸುವ ಕ್ರಮ ಹೀಗೆ. ಮೊದಲು ಕಾಗದ ಪೆನ್ನು ತೆಗೆದುಕೊಂಡು ಮಿಶ್ರಣದ ಗರಿಷ್ಠ ಮಿತಿ ಹಾಕಿ. ಆಮೇಲೆ ತೂಗಿದ್ದು ಸರಿಯೇ ನೋಡಿ. ಗ್ಲವ್ ಬಾಕ್ಸ್ (ತೇವ, ಆಮ್ಲಜನಕ ತೆಗೆದ, ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಒಳಗೆ ತುಂಬಾ ಒಣ, ಪ್ಲಾಸ್ಟಿಕ್ ತಟ್ಟೆಗೆ ಸ್ಥಿರ ವಿದ್ಯುತ್ ಏರಿ ತಕ್ಕಡಿ ತೂಗಾಡುತ್ತದೆ. ಖಾಲಿ ತಟ್ಟೆಯನ್ನೇ ಮೂರು ಸಲ ತೂಗಿ, ಮೂರೂ ಒಂದೇ ಬರಬೇಕು. ಅದು ಸರಿ ಇದ್ದರೆ ಅದೇ ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಒತ್ತಡದಿಂದ ಹೈಡ್ರೋಜನ್ ಲೆಕ್ಕ ಹಾಕಿ. ತಕ್ಕಡಿ 8.5 ಎನ್ನುತ್ತಾ ಗೇಜ್ 5 ಎಂದರೆ ನಡುವಿನ ವ್ಯತ್ಯಾಸ ಭಾರದ ಗ್ಯಾಸಿನದ್ದು.

ಮಾಸ್ ಸ್ಪೆಕ್ಟ್ರೋಮೀಟರ್ (ಗ್ಯಾಸಿನ ಅಣುಗಳನ್ನು ತೂಕದ ಪ್ರಕಾರ ಬೇರೆ ಬೇರೆ ಗೆರೆಯಾಗಿ ತೋರಿಸುವ ಯಂತ್ರ) ಸಿಕ್ಕಿದವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ. 17ರಲ್ಲಿ ಗೆರೆ ಕಂಡ ತಕ್ಷಣ ಅಮೋನಿಯಾ ಎನ್ನಬೇಡಿ, ನೀರಿನ ಆವಿಯೂ 17ರಲ್ಲಿ ಗೆರೆ ಕೊಡುತ್ತದೆ. ನೀರಾದರೆ 18 ದೊಡ್ಡದು, 17 ಅದರ ಐದನೇ ಒಂದು ಪಾಲಿನಷ್ಟು. ಅಮೋನಿಯಾ ಆದರೆ 16ರ ಗೆರೆ 17ರ ಎಂಬತ್ತು ಪರ್ಸೆಂಟ್ ಹತ್ತಿರ ಇರುತ್ತದೆ. ಮೂರನ್ನೂ ಒಟ್ಟಿಗೆ ನೋಡಬೇಕು.

ಅಮೋನಿಯಾ ಎಂದು ಖಾತ್ರಿಯಾದರೆ ಮದ್ದು ಮೂರು. ಇನ್ನಷ್ಟು ಹೊತ್ತು ಬಾಲ್ ಮಿಲ್ ಮಾಡಿ (ಗುಂಡುಗಳಿರುವ ಡಬ್ಬಿಯಲ್ಲಿ ತಿರುಗಿಸಿ ಅರೆಯಿರಿ), ಕಣಗಳು ಹತ್ತಿರವಾಗಲಿ. ಹೈಡ್ರೈಡನ್ನು ಲೆಕ್ಕಕ್ಕಿಂತ ಒಂಚೂರು ಜಾಸ್ತಿ ಹಾಕಿ. ಪರ್ಸೆಂಟ್ ಸ್ವಲ್ಪ ಇಳಿಯುತ್ತದೆ, ಆದರೆ ಹಿಡಿಯುವ ಕೈ ಜಾಸ್ತಿಯಾಗುತ್ತದೆ. ಎರಡೂ ಸಾಲದಿದ್ದರೆ ಟೈಟಾನಿಯಂ ಟ್ರೈಕ್ಲೋರೈಡ್‌ನಂಥ ವೇಗವರ್ಧಕ, 1 ಮೋಲ್ ಪರ್ಸೆಂಟ್ ಸಾಕು. ಮೂರನ್ನೂ ಒಂದೇ ದಿನ ಮಾಡಬೇಡಿ. ಯಾವುದು ಕೆಲಸ ಮಾಡಿತು ಎಂದು ತಿಳಿಯದೇ ಹೋಗುತ್ತದೆ.

"ಮೊದಲ ಸಲ ಚೆನ್ನಾಗಿ ಬಂತು, ಎರಡನೇ ಸಲ ಬರಲಿಲ್ಲ"

ಪೂರ್ತಿ ಹೈಡ್ರೋಜನ್ ವಾಪಸ್ ತುಂಬಿಸಿದ್ದೀರಾ? ಒತ್ತಡ, ಸಮಯ, ಉಷ್ಣತೆ, ಮೂರೂ? ಬಹಳ ಸಲ ಉತ್ತರ "ಒಂದು ಗಂಟೆ ಬಿಟ್ಟೆ" ಎಂದಿರುತ್ತದೆ. ರಾತ್ರಿಯಿಡೀ ಬಿಡಬೇಕಾಗಬಹುದು.

ಅದು ಸರಿ ಇದ್ದರೆ ತೇವದ ಮೇಲೆ ಸಂಶಯ. ಒದ್ದೆ ಗಾಳಿ ತಗುಲಿದ ಹೈಡ್ರೈಡಿನ ಮೇಲೆ ಲಿಥಿಯಂ ಹೈಡ್ರಾಕ್ಸೈಡ್ ಪೊರೆ ಕಟ್ಟುತ್ತದೆ. ಕಾಯಿಸಿದಾಗ ಆ ಪೊರೆಯೂ ಹೈಡ್ರೈಡೂ ಸೇರಿ ಹೈಡ್ರೋಜನ್ ಬಿಡುತ್ತವೆ, ಉಳಿಯುವುದು ಲಿಥಿಯಂ ಆಕ್ಸೈಡ್. ಅದು ನಿಜವಾದ ಹೈಡ್ರೋಜನ್ನೇ, ಗೇಜ್ ಸುಳ್ಳು ಹೇಳುವುದಿಲ್ಲ. ಆದರೆ ಒಂದೇ ಸಲ ಬರುವಂಥದ್ದು, ವಾಪಸ್ ಹೋಗುವುದಿಲ್ಲ. ಮೊದಲ ಸುತ್ತಿನ (ಹೈಡ್ರೋಜನ್ ಒಮ್ಮೆ ಬಿಡಿಸಿ, ಮತ್ತೆ ತುಂಬಿಸಿದರೆ ಒಂದು ಸುತ್ತು) ಅಂಕಿಯನ್ನು ನಾನು ಯಾವತ್ತೂ ನಂಬುವುದಿಲ್ಲ. ಮೂರನೆಯದು ತೋರಿಸಿ ಎನ್ನುತ್ತೇನೆ.

ಇಲ್ಲಿ ಗ್ಲವ್ ಬಾಕ್ಸ್ ಪರೀಕ್ಷೆ ಬೇಕು. ಆಮ್ಲಜನಕ, ನೀರು ಎರಡೂ 1 ಪಿಪಿಎಂ ಒಳಗಿರಬೇಕು. ಮೀಟರ್ ಸರಿ ಇದೆಯೇ ಎಂಬ ಅನುಮಾನ ಇದ್ದರೆ ಹಳೇ ಉಪಾಯ ಒಂದಿದೆ: ಗಾಜು ಒಡೆದ, ತಂತಿ ಹಾಗೇ ಇರುವ ಸಣ್ಣ ಟಂಗ್‌ಸ್ಟನ್ ಬಲ್ಬನ್ನು ಒಳಗೆ ಹೊತ್ತಿಸುವುದು. ಬಹಳ ಹೊತ್ತು ಉರಿದರೆ ಆಮ್ಲಜನಕ ಕಡಿಮೆ, ಹೊಗೆ ಬಿಟ್ಟು ಪಟ್ಟನೆ ಆರಿದರೆ ಬಾಕ್ಸ್ ಕೆಟ್ಟಿದೆ. ಪುಡಿ, ದ್ರಾವಕ ಏನೂ ಇಲ್ಲದ, ಹೈಡ್ರೋಜನ್ ಹೊರಹಾಕಿದ ಬಾಕ್ಸ್‌ನಲ್ಲಿ, ಬಾಕ್ಸ್ ನೋಡಿಕೊಳ್ಳುವವರು ಮಾಡಬೇಕಾದ ಕೆಲಸ ಇದು.

ಆ ಹುಡುಗನ ಪುಡಿಯಲ್ಲೂ ಈ ದೋಷ ಸೇರಿಕೊಂಡಿತ್ತು. ರಜೆಯಲ್ಲಿ ಕರೆಂಟು ಹೋಗಿ ಬಂದಿದೆ, ಬಾಕ್ಸಿನ ಗಾಳಿ ಸುತ್ತಿಸುವ ಪಂಪು ಮಾತ್ರ ಮತ್ತೆ ಶುರುವಾಗಿಲ್ಲ. ಜಂಬೂಸವಾರಿ ನೋಡಿಕೊಂಡು ಬಂದವರು ಯಾರೂ ಅದನ್ನು ಗಮನಿಸಿಲ್ಲ.

"ಸುತ್ತಿನಿಂದ ಸುತ್ತಿಗೆ ನಿಧಾನವಾಗಿ ಇಳೀತಿದೆ"

ವೇಗ ಇಳಿದಿದೆಯೋ, ಪ್ರಮಾಣ ಇಳಿದಿದೆಯೋ? ಇದೊಂದನ್ನು ಮೊದಲು ಬೇರ್ಪಡಿಸಿ. ಬಿಟ್ಟಷ್ಟು ಹೊತ್ತು ಬಿಟ್ಟರೆ ಹಳೇ ಪ್ರಮಾಣ ಬರುತ್ತದೆ ಎಂದರೆ ಪುಡಿ ಗಟ್ಟಿಯಾಗಿದೆ, ಕಣಗಳು ಅಂಟಿಕೊಂಡು ದಪ್ಪವಾಗಿವೆ. ಮತ್ತೆ ಅರೆದರೆ ಸರಿಹೋಗುತ್ತದೆ. ಎಷ್ಟು ಹೊತ್ತು ಬಿಟ್ಟರೂ ಬರದಿದ್ದರೆ ಸಾಮಾನೇ ಕಳೆದುಹೋಗಿದೆ: ಪ್ರತಿ ಸುತ್ತಿನಲ್ಲೂ ಸ್ವಲ್ಪ ಸಾರಜನಕ ಅಮೋನಿಯಾ ರೂಪದಲ್ಲಿ ಜಾರಿದೆ, ಇಲ್ಲವೇ ಸಿಲಿಂಡರ್ ಗ್ಯಾಸಿನ ತೇವ ಒಳಗೆ ಸೇರುತ್ತಿದೆ. 99.999% ಶುದ್ಧತೆಯ ಹೈಡ್ರೋಜನ್ ಬಳಸಿ. ಅದು ಬಳಸಿದ ಮೇಲೂ ಇಳಿದರೆ ಎಕ್ಸ್‌-ರೇ ಡಿಫ್ರಾಕ್ಷನ್ (ಪುಡಿಯಲ್ಲಿ ಯಾವ ಯಾವ ವಸ್ತು ಇದೆ ಎಂದು ಶಿಖರಗಳ ನಕ್ಷೆಯಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿ, ಲಿಥಿಯಂ ಆಕ್ಸೈಡ್ ಶಿಖರ ಬೆಳೆಯುತ್ತಿದ್ದರೆ ತೇವ. ಸ್ಯಾಂಪಲ್ಲನ್ನು ಗಾಳಿಯಾಡದ ಹಾಳೆಯಲ್ಲಿ ಮುಚ್ಚದೆ ಕಳಿಸಿದರೆ ದಾರಿಯಲ್ಲೇ ಆಕ್ಸೈಡ್, ಹೈಡ್ರಾಕ್ಸೈಡ್ ಆಗಿ ನಿಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ.

"ಒತ್ತಡ ಇಳಿದಿದೆ, ಹೀರಿಕೊಂಡಿದೆ ಅಂತ ಕಾಣುತ್ತೆ"

ಹೀರಿಕೊಂಡಿತೋ, ಸೋರಿತೋ, ತಣ್ಣಗಾಯಿತೋ?

ಸಂಜೆ ಕೋಣೆ 30 ಡಿಗ್ರಿ, ಬೆಳಗ್ಗೆ 20. ಸಂಜೆ 50 ಬಾರ್ ಇದ್ದ ಗ್ಯಾಸ್ ಬೆಳಗ್ಗೆ 48.3 ತೋರಿಸುತ್ತದೆ. ಒಂದು ಹನಿ ಸೋರದೆ, ಒಂದು ಕಣ ಹೀರದೆ. ಈಗ ಇದನ್ನು ನಿಮ್ಮ ಸ್ಯಾಂಪಲ್ ಜೊತೆ ಹೋಲಿಸಿ. ಅರ್ಧ ಗ್ರಾಂ ಮೆಗ್ನೀಸಿಯಂ ಮಿಶ್ರಣ ಪೂರ್ತಿ 5.6% ಹೀರಿದರೆ 100 ಮಿಲಿಲೀಟರ್ ಪಾತ್ರೆಯಲ್ಲಿ ಇಳಿಯುವುದು ಸುಮಾರು 3.4 ಬಾರ್. ಅಂದರೆ ಬೆಳಗಿನ ಚಳಿಯೊಂದೇ ಅರ್ಧ ಫಲಿತಾಂಶ ಕೊಟ್ಟುಬಿಡುತ್ತದೆ! ಹಾಗಾಗಿ ಪಾತ್ರೆಯ ಉಷ್ಣತೆ ಬರೆಯದ ಒತ್ತಡದ ಅಂಕಿಗೆ ಬೆಲೆ ಇಲ್ಲ.

ಗೇಜನ್ನೂ ಕೇಳಿ. 200 ಬಾರ್ ಅಳೆಯುವ, 0.25% ನಿಖರತೆಯ ಗೇಜ್ ಎಂದರೆ ಅರ್ಧ ಬಾರ್ ಆಚೀಚೆ. 3.4ರಲ್ಲಿ ಅರ್ಧ ಬಾರ್ ಸಣ್ಣದೇನಲ್ಲ. ಪಾತ್ರೆ ಚಿಕ್ಕದು ಮಾಡಿ, ಇಲ್ಲವೇ ಪುಡಿ ಜಾಸ್ತಿ ಹಾಕಿ.

ಇನ್ನೊಂದು ನಮ್ಮೂರಿನದೇ ತಪ್ಪು. ಗೇಜ್ ಒತ್ತಡಕ್ಕೆ ಪಠ್ಯಪುಸ್ತಕದಂತೆ 1.013 ಕೂಡುತ್ತಾರೆ. ಮೈಸೂರು ಸಮುದ್ರಮಟ್ಟದಿಂದ ಏಳುನೂರೈವತ್ತು ಮೀಟರಿಗಿಂತ ಮೇಲಿದೆ, ಇಲ್ಲಿನ ವಾಯುಭಾರ ಸುಮಾರು 0.92 ಬಾರ್. 50 ಬಾರ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ 1 ಬಾರ್ ಹತ್ತಿರ ಹೈಡ್ರೋಜನ್ ಬಿಡಿಸುವಾಗ ಸುಮಾರು ಹತ್ತು ಪರ್ಸೆಂಟ್ ತಪ್ಪು. ಮೇಲಿನ ತುದಿಯಲ್ಲಿ ಬೇರೆ ತೊಂದರೆ: 100 ಬಾರ್‌ನಲ್ಲಿ ಹೈಡ್ರೋಜನ್ ಆದರ್ಶ ಅನಿಲದಂತೆ ನಡೆಯುವುದಿಲ್ಲ, 6% ಹತ್ತಿರ ವ್ಯತ್ಯಾಸ. ಅದನ್ನು ತಿದ್ದಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ಸೋರಿಕೆ ಹುಡುಕಿ. ಪುಡಿ ಇಲ್ಲದ ಖಾಲಿ ಪಾತ್ರೆಗೆ ಹೀಲಿಯಂ ತುಂಬಿ, ವಾಲ್ವ್ ಮುಚ್ಚಿ, ಉಷ್ಣತೆ ಬರೆಯುತ್ತಾ ಒಂದು ರಾತ್ರಿ ಬಿಡಿ. ಇಳಿದರೆ ಒಂದೊಂದೇ ಭಾಗ ಬೇರ್ಪಡಿಸಿ, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಸೋಪಿನ ನೀರು ಪುಡಿ ಇಲ್ಲದಿರುವಾಗ ಮಾತ್ರ. ಕೊಳವೆ ಸಾಲಿನಲ್ಲಿ ಹಿತ್ತಾಳೆ ಕೀಲು ಇದ್ದರೆ ತೆಗೆದುಹಾಕಿ. ಅಮೋನಿಯಾ ಹಿತ್ತಾಳೆಯನ್ನು ಒಳಗೊಳಗೇ ಬಿರುಕು ಬಿಡಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

"ಏನೂ ಬರ್ತಾನೇ ಇಲ್ಲ"

ಹೀಟರ್ 200 ತೋರಿಸಿದರೆ ಪುಡಿಯೂ 200 ಎಂದಲ್ಲ. ಉಷ್ಣತೆ ಅಳೆಯುವ ತಂತಿ (ಥರ್ಮೋಕಪಲ್) ಪಾತ್ರೆಯ ಹೊರಗೆ ಇದ್ದರೆ ಒಳಗೆ ಇಪ್ಪತ್ತು ಮೂವತ್ತು ಡಿಗ್ರಿ ಕಡಿಮೆ ಇರಬಹುದು. ಅದು ಸರಿ ಇದ್ದರೆ ವಾಲ್ವ್ ತೆರೆದಿದೆಯೇ ನೋಡಿ. ನಗಬೇಡಿ, ನಾನೇ ಒಮ್ಮೆ ಅರ್ಧ ದಿನ ಕಳೆದಿದ್ದೇನೆ.

ನಿಜವಾದ ಅಪಾಯ ಫಿಲ್ಟರ್ ಕಟ್ಟಿಕೊಂಡಿರುವುದು. ನಿರ್ವಾತ ಮಾಡುವಾಗ ವಾಲ್ವನ್ನು ಗಬಕ್ಕನೆ ತೆರೆದರೆ ನುಣುಪು ಪುಡಿ ಎದ್ದು ಫಿಲ್ಟರಿಗೆ ಬಡಿಯುತ್ತದೆ. ಗೇಜ್ ಸೊನ್ನೆ ತೋರಿಸುತ್ತದೆ, ಫಿಲ್ಟರಿನ ಆಚೆ ಪಾತ್ರೆಯಲ್ಲಿ ಒತ್ತಡ ತುಂಬಿರುತ್ತದೆ. ಕಾಯಿಸಿಯೂ ಗೇಜ್ ಅಲ್ಲಾಡದಿದ್ದರೆ ಪಾತ್ರೆಯಲ್ಲಿ ಒತ್ತಡ ಇದೆ ಎಂದೇ ಹಿಡಿದುಕೊಳ್ಳಿ. ಸ್ಪ್ಯಾನರ್ ಮುಟ್ಟಬೇಡಿ. ಹೀಟರ್ ಆರಿಸಿ, ತಣ್ಣಗಾಗಲು ಬಿಡಿ, ಹಿರಿಯರನ್ನು ಕರೆಯಿರಿ.

ಬಾಲ್ ಮಿಲ್ ಡಬ್ಬಿಗೂ ಇದೇ ಮಾತು. ಅರೆಯುವಾಗಲೇ ಸ್ವಲ್ಪ ಗ್ಯಾಸ್ ಹುಟ್ಟುತ್ತದೆ. ತಣ್ಣಗಾದ ಮೇಲೆ, ಗ್ಲವ್ ಬಾಕ್ಸ್ ಒಳಗೆ, ಮುಚ್ಚಳ ನಿಧಾನವಾಗಿ ಸಡಿಲಿಸಿ.

"ಬಣ್ಣ ಬದಲಾಗಿದೆ"

ಬಿಳಿ ಪುಡಿ ಬೂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಬಹುಪಾಲು ಮಿಲ್ಲಿನ ಉಕ್ಕು ಸವೆದು ಸೇರಿದ್ದು. ಸೋಡಿಯಂ ಅಥವಾ ಪೊಟ್ಯಾಸಿಯಂ ಅಮೈಡ್ ಇರುವ ಬಾಟಲಿ ಹಳದಿ, ಕಂದು ತಿರುಗಿದ್ದರೆ ಅದು ಬೇರೆಯೇ ವಿಷಯ. ಗಾಳಿ ತಗುಲಿ ಸ್ಫೋಟಕ ಪೆರಾಕ್ಸೈಡ್ ಹುಟ್ಟಿರಬಹುದು. ಮುಚ್ಚಳ ತಿರುಗಿಸಬೇಡಿ, ಕೆರೆಯಬೇಡಿ, ಅಲ್ಲಾಡಿಸಬೇಡಿ. ಕೋಣೆ ಖಾಲಿ ಮಾಡಿ ಸುರಕ್ಷತಾ ಅಧಿಕಾರಿಗೆ ತಿಳಿಸಿ.

ಇಲ್ಲಿ ನಿಲ್ಲಿಸಿ, ಸಹಾಯ ಕರೆಯಿರಿ

ಹೀಟರ್ ಆರಿಸಿದ ಮೇಲೂ ಒತ್ತಡ ಏರುತ್ತಿದ್ದರೆ. ಕಣ್ಣು ಉರಿದು ಕೆಮ್ಮು ಬಂದರೆ. ಹೈಡ್ರೋಜನ್ ಸೋರಿಕೆಯ ಅಲಾರಾಂ ಹೊಡೆದರೆ. ಗಾಳಿಯಲ್ಲಿ 4% ಹೈಡ್ರೋಜನ್ ಇದ್ದರೂ ಹೊತ್ತಿಕೊಳ್ಳುತ್ತದೆ. ಆಗ ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಹೊರಗೆ ಬನ್ನಿ. ಉಳಿದ ಪುಡಿಯನ್ನು ಸಿಂಕಿಗೆ ಸುರಿಯುವ ಯೋಚನೆ ಬಂದರೂ ನಿಲ್ಲಿಸಿ. ಅದನ್ನು ಆರ್ಗಾನ್ ಅನಿಲದ ಹೊದಿಕೆಯಲ್ಲಿ ನಿಧಾನವಾಗಿ ನಿಷ್ಕ್ರಿಯ ಮಾಡಬೇಕು, ಅಭ್ಯಾಸ ಇರುವವರ ಕೈಯಲ್ಲಿ.

ಫೋನ್ ಮಾಡುವಾಗ ನಾಲ್ಕು ವಿಷಯ ಕೈಯಲ್ಲಿರಲಿ: ಎಷ್ಟು ಗ್ರಾಂ ಪುಡಿ, ಈಗ ಉಷ್ಣತೆ ಎಷ್ಟು, ಒತ್ತಡ ಎಷ್ಟು, ಯಾವ ವಾಲ್ವ್ ತೆರೆದಿದೆ ಯಾವುದು ಮುಚ್ಚಿದೆ. ಪರ್ಸೆಂಟ್ ಎಷ್ಟು ಬಂತು ಎಂಬುದನ್ನು ಆಮೇಲೆ ಹೇಳಿ.